ಉತ್ತರಭಾಗದ ಹಂಬಲ

ಬಾಣಭಟ್ಟನು ತನ್ನ ‘ಕಾದಂಬರಿ’ಯನ್ನು ಅರ್ಧಕ್ಕೆ ಬಿಟ್ಟು ತೀರಿಕೊಂಡಾಗ ಅದರ ಉತ್ತರಭಾಗವನ್ನು ಬರೆದು ಪೂರೈಸಿದವನು ಅವನ ಮಗ, ಎರಡು ಕೈಗಳಿಂದಾದ ಆ ಕಥೆಯನ್ನು ನಮ್ಮ ನಾಗವರ್ಮನು ಒಂದೇ ಕಾವ್ಯವಾಗಿ ಕನ್ನಡಕ್ಕೆ ತಂದನು. ಅಲ್ಲಿ ಉತ್ತರಭಾಗ ಏಕೆ ಬೇಕಾಯಿತೆಂಬುದನ್ನು ಯಾರಿಗೂ ವಿವರಿಸಬೇಕಾಗಿಲ್ಲ: ಕಥೆ ನಡುದಾರಿಯಲ್ಲಿ ನಿಂತಿತ್ತು. ಆದರೆ ಉಳಿದುದೇನೂ ಇಲ್ಲದಿರುವಾಗ, ಪೂರ್ವಭಾಗವನ್ನು ಸಾವಿರಾರು ಗಂಟೆ ಸವೆಸಿ ಅದರ ಮೂಲೆಮುಡುಕುಗಳೆಲ್ಲ ಕರತಲಾಮಲಕವಾಗಿರುವಾಗ, ಅದನ್ನೇ ಮತ್ತೊಮ್ಮೆ, ಆದರೆ ಈ ಸಲ ಸರಿಯಾಗಿ, ಮಾಡಿಕೊಡಿರೆಂದು ಜನರು ಹಟ ಹಿಡಿದು ಕೇಳುವ ಪದ್ಧತಿಯೊಂದುಂಟು. ಗಣಕಯಂತ್ರದ ಮೇಲೆ ಚರಿತ್ರೆಯನ್ನು ಆಡುವವರ ಪದ್ಧತಿ ಅದು. ಅವರು ಅದನ್ನು ‘ಗ್ರಾಂಡ್ ಸ್ಟ್ರಾಟಜಿ’ ಆಟವೆನ್ನುತ್ತಾರೆ: ಭೂಮಂಡಲದ ನಕ್ಷೆಯೊಂದನ್ನು ಹರಡಿಕೊಂಡು, ಒಂದು ರಾಜ್ಯವನ್ನು ಆರಿಸಿಕೊಂಡು, ಅದರ ತೆರಿಗೆ, ಸೈನ್ಯ, ವಿವಾಹಸಂಬಂಧ, ವ್ಯಾಪಾರ, ಧರ್ಮ ಇವೆಲ್ಲವನ್ನೂ ಶತಮಾನಗಳ ಕಾಲ ನಡೆಸಿಕೊಂಡು ಹೋಗುವುದು.

ನಾನು ಇದನ್ನು ಮೊದಲು ಕಂಡುದು ನಮ್ಮಕ್ಕನ ಮೊಮ್ಮಗನ ಕೋಣೆಯಲ್ಲಿ. ಅವನು ಆಡುತ್ತಿದ್ದುದು ಸ್ಟಾಕ್‌ಹೋಮಿನ ಪ್ಯಾರಾಡಾಕ್ಸ್ ಸಂಸ್ಥೆಯವರ ‘ಯುರೋಪಾ ಯೂನಿವರ್ಸಾಲಿಸ್’ ಎಂಬ ಆಟದ ನಾಲ್ಕನೆಯ ಆವೃತ್ತಿಯನ್ನು. ಪರದೆಯ ಮೂಲೆಯಲ್ಲಿ 1444ನೆಯ ನವೆಂಬರ್ 11 ಎಂಬ ತಾರೀಖಿತ್ತು. ವಾರ್ನಾ ಕದನದಲ್ಲಿ ತುರುಕರು ಪೋಲೆಂಡಿನ ದೊರೆಯನ್ನು ಕೊಂದ ಮರುದಿನ ಅದು. ನಕ್ಷೆಯ ಕೆಳಭಾಗದಲ್ಲಿ, ಕೃಷ್ಣೆಯಿಂದ ದಕ್ಷಿಣಕ್ಕೆ, ಒಂದೇ ಬಣ್ಣದ ದೊಡ್ಡ ಮಚ್ಚೆಯಂತೆ ಪ್ರೌಢದೇವರಾಯನ ವಿಜಯನಗರ ಬಿದ್ದುಕೊಂಡಿತ್ತು. ಪಾರಸೀಕ ರಾಯಭಾರಿ ಅಬ್ದುಲ್ ರಜಾಕನು ಆ ಪಟ್ಟಣವನ್ನು ನೋಡಿ ಬೆರಗಾಗಿ ಹಿಂದಿರುಗಿ ಆಗ ಸುಮಾರು ಒಂದು ವರ್ಷವಾಗಿದ್ದಿರಬೇಕು. “ಚೆನ್ನಾಗಿದೆಯೇನೋ ಆಟ?” ಎಂದೆ. “ಚೆನ್ನಾಗಿದೆ ತಾತ. ಆದರೆ ಮುಂದಿನದರಲ್ಲಿ ಇದನ್ನೆಲ್ಲ ಅವರು ಸರಿಮಾಡಬೇಕು,” ಎಂದನು ಹುಡುಗ. ‘ಇದನ್ನೆಲ್ಲ’ ಎಂದರೆ ಏನೆಂದು ಕೇಳಿದುದೇ ತಪ್ಪಾಯಿತು. ರಾತ್ರಿಯ ಊಟ ಆರಿಹೋಗುವವರೆಗೂ ಅವನು ಹೇಳಿದನು. ಅವನ ಮಾತನ್ನು ಕೇಳುತ್ತ ಕೇಳುತ್ತ, ಈ ದೂರುಗಳನ್ನು ನಾನು ಬೇರೆಲ್ಲಿಯೋ, ಬಹಳ ಹಳೆಯ ಪುಸ್ತಕಗಳಲ್ಲಿ, ಓದಿರುವೆನಲ್ಲ ಎಂಬ ಶಂಕೆ ನನ್ನನ್ನು ಹಿಡಿಯಿತು. ಈ ಲೇಖನ ಆ ಶಂಕೆಯ ಫಲ.

ಚತುರಂಗವು ನಮ್ಮ ದೇಶದಲ್ಲಿ ಹುಟ್ಟಿ ಪಾರಸೀಕರ, ಅರಬರ ಕೈದಾಟಿ ಯುರೋಪನ್ನು ಸೇರಿದ ಕಥೆ ಎಲ್ಲರಿಗೂ ಗೊತ್ತು. ಅಲ್ಲಿ ಅದನ್ನು ಶತಶತಮಾನ ಆಡಿದ ಮೇಲೆ ಕೆಲವರಿಗೆ ಅದರ ಮೇಲೊಂದು ಅಸಮಾಧಾನ ಹುಟ್ಟಿತು: ಯುದ್ಧದ ಹೆಸರು ಹೊತ್ತ ಈ ಆಟದಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ, ಕೆಸರಿಲ್ಲ. 1780ರಲ್ಲಿ ಬ್ರನ್ಸ್‌ವಿಕ್ ಸಂಸ್ಥಾನದಲ್ಲಿ ಗಣಿತವನ್ನು ಕಲಿಸುತ್ತಿದ್ದ ಹೆಲ್ವಿಗ್ ಎಂಬಾತನು ಇದಕ್ಕೊಂದು ಪರಿಹಾರವನ್ನು ಪ್ರಕಟಿಸಿದನು. ಅರುವತ್ತನಾಲ್ಕು ಮನೆಗಳ ಬದಲು ಸಾವಿರದ ಆರುನೂರಕ್ಕೂ ಮಿಕ್ಕಿದ ಮನೆಗಳು. ಬೆಟ್ಟಕ್ಕೊಂದು ಬಣ್ಣ, ಜೌಗಿಗೊಂದು ಬಣ್ಣ, ನೀರಿಗೊಂದು ಬಣ್ಣ. ಗಜ ಕುದುರೆಗಳ ಸ್ಥಾನದಲ್ಲಿ ಕಾಲ್ದಳ, ರಾವುತರು, ಫಿರಂಗಿಗಳು. ರಾಜನನ್ನು ಹಿಡಿಯುವುದಲ್ಲ, ಶತ್ರುವಿನ ಕೋಟೆಯನ್ನು ಹಿಡಿಯುವುದು ಗೆಲುವಿನ ಲಕ್ಷಣ. ಹಳೆಯ ಆಟವನ್ನು ಬಲ್ಲವರು ಹೊಸದಕ್ಕೆ ಸುಲಭವಾಗಿ ಒಗ್ಗಲೆಂದು ಅವನು ಚದುರಂಗದ ಚೌಕಟ್ಟನ್ನು ಉಳಿಸಿಕೊಂಡನೆಂಬುದು ಗಮನಿಸತಕ್ಕ ವಿಷಯ. ಹಳಬರನ್ನು ಬಿಡಲಾರದ, ಹಳತರಲ್ಲಿಯೇ ನಿಲ್ಲಲೂ ಆರದ ಉತ್ತರಭಾಗಕಾರನ ಸಂಕಟ ಅಲ್ಲಿಯೇ ಆರಂಭವಾಯಿತು.

ಹದಿನೆಂಟನೆಯ ಶತಮಾನ ಮುಗಿಯುವ ಮೊದಲೇ ಅದೂ ಸಾಲದಾಯಿತು. ವೆಂಟುರಿನಿ ಎಂಬ ಇನ್ನೊಬ್ಬ ಜರ್ಮನನು ಮನೆಗಳನ್ನು 3,600ಕ್ಕೆ ಏರಿಸಿ, ಸೈನ್ಯದ ಆಹಾರ ಸರಬರಾಜಿಗೂ ವಿಧಿನಿಷೇಧಗಳನ್ನು ಬರೆದನು. ಅವನ ನಿಯಮಗ್ರಂಥವನ್ನು ಓದಿ ಅರಗಿಸಿಕೊಂಡು ಒಂದು ಆಟವನ್ನು ಮುಗಿಸುವುದಕ್ಕಿಂತ ನಿಜವಾದ ಯುದ್ಧಕ್ಕೆ ಹೋಗಿಬರುವುದು ಲೇಸೆಂದು ಕೆಲವರಿಗಾದರೂ ತೋರಿರಬೇಕು.

ಆಮೇಲೆ ಬಂದವರು ರೈಸ್ವಿಟ್ಸ್ ಎಂಬ ತಂದೆಮಕ್ಕಳು. ಈ ಚರಿತ್ರೆಯ ಬಾಣಭಟ್ಟ ಮತ್ತು ಬಾಣಭಟ್ಟನ ಮಗ ಅವರೇ. ತಂದೆ ಪ್ರಷ್ಯದ ಸರಕಾರದಲ್ಲೊಬ್ಬ ಅಧಿಕಾರಿ. ನೆಲದಲ್ಲಿಯೇ ಇಲ್ಲದ ಚೌಕಗಳು ಆಟದಲ್ಲಿ ಏಕಿರಬೇಕೆಂದು ಅವನು ಚೌಕಗಳನ್ನೇ ಅಳಿಸಿಹಾಕಿದನು. ಮರಳಿನ ಮೇಲೆ ಆಡಿ ತೋರಿಸುತ್ತಿದ್ದ ಆಟವನ್ನು ದೊರೆ ಮೂರನೆಯ ಫ್ರೆಡರಿಕ್ ವಿಲಿಯಂ ನೋಡಬಯಸಿದಾಗ, ಅರಸನ ಮುಂದೆ ಮರಳು ಹರಡುವುದು ಅವಿನಯವೆಂದು ಭಾವಿಸಿ, ಸುಂದರವಾದ ಒಂದು ಮೇಜನ್ನು ಮಾಡಿಸಿ, ಬೆಟ್ಟ ಕಣಿವೆ ನದಿ ಊರುಗಳನ್ನು ಗಾರೆಯ ಬಿಲ್ಲೆಗಳಲ್ಲಿ ಮೂಡಿಸಿ, ಅವುಗಳನ್ನು ಬೇಕಾದಂತೆ ಜೋಡಿಸಿಕೊಳ್ಳಲು ಅನುಕೂಲಪಡಿಸಿ, 1812ರಲ್ಲಿ ಅರಮನೆಗೆ ಒಪ್ಪಿಸಿದನು. ಅರಮನೆಯವರು ಆಡಿದರು, ಮೆಚ್ಚಿದರು. ಆದರೆ ಅದು ಒಂದು ಮೇಜು, ಒಂದು ಮನೆತನದ ವಿನೋದ, ಅಷ್ಟೇ.

ಉತ್ತರಭಾಗವನ್ನು ಮಗ ಬರೆದನು. ಫಿರಂಗಿದಳದಲ್ಲಿ ಚಿಕ್ಕ ಅಧಿಕಾರಿಯಾಗಿದ್ದ ಅವನು 1824ರಲ್ಲಿ ಪ್ರಕಟಿಸಿದ ನಿಯಮಾವಳಿ ಮೇಜನ್ನು ತೊರೆದು, 1:8000 ಪ್ರಮಾಣದ ಕಾಗದದ ಭೂಪಟವನ್ನು ಹಿಡಿಯಿತು. ಒಂದು ಸರದಿಯೆಂದರೆ ರಣರಂಗದ ಎರಡು ನಿಮಿಷ. ಎದುರಾಳಿಯ ಕಣ್ಣಿಗೆ ಬೀಳದ ಪಡೆಯನ್ನು ನಕ್ಷೆಯ ಮೇಲೆ ಇಡುವಂತಿಲ್ಲ. ಗುಂಡಿನ ಫಲವನ್ನು ನಿರ್ಣಯಿಸಲು ದಾಳ. ಎರಡು ಪಕ್ಷಗಳ ಆಜ್ಞೆಗಳನ್ನೂ ಬರಹದಲ್ಲಿ ಪಡೆದು ಪರಿಣಾಮವನ್ನು ಹೇಳಲು ಮಧ್ಯಸ್ಥನೊಬ್ಬ. ಸೇನಾಮುಖ್ಯನಾದ ಮ್ಯುಫ್ಲಿಂಗನು ಒಲ್ಲದ ಮನಸ್ಸಿನಿಂದ ನೋಡತೊಡಗಿದವನು ನೋಡನೋಡುತ್ತ ಉತ್ಸಾಹಗೊಂಡು, ಇದು ಆಟವಲ್ಲ, ಯುದ್ಧದ ಪಾಠವೇ ಸರಿಯೆಂದು ಒಪ್ಪಿಕೊಂಡನೆಂದು ಹೇಳುತ್ತಾರೆ; ದಳದಳಕ್ಕೂ ಅದು ಹಂಚಿಕೆಯಾಯಿತು. ಆ ಮಗನು 1827ರಲ್ಲಿ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡುದು ಈ ಕಥೆಯ ವಿಷಾದದ ಮಾತು. ಆಟ ಮಾತ್ರ ಬದುಕಿತು, ಅದರೊಂದಿಗೆ ಅದರ ಮೇಲಣ ದೂರೂ ಬೆಳೆಯಿತು. ಪಟ್ಟಿಗಳನ್ನು ತಿರುವಿ, ದಾಳವನ್ನು ಎಸೆದು, ನಷ್ಟವನ್ನು ಕೂಡಿ ಕಳೆದು, ರಣರಂಗದ ಎರಡು ನಿಮಿಷಗಳನ್ನು ನಿರ್ಣಯಿಸುವುದಕ್ಕೆ ಮಧ್ಯಸ್ಥನಿಗೆ ಅದರ ಎಷ್ಟೋ ಪಾಲು ಕಾಲ ಹಿಡಿಯುತ್ತಿದ್ದುದರಿಂದ, 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಸೇನಾಧಿಕಾರಿ ಪಟ್ಟಿ ದಾಳಗಳನ್ನೆಲ್ಲ ಮೂಲೆಗೊತ್ತಿ, ಅನುಭವಸ್ಥನಾದ ಮಧ್ಯಸ್ಥನ ವಿವೇಕವೊಂದೇ ಸಾಕೆಂದು ಸಾರಿದನು. ಕಟ್ಟುನಿಟ್ಟಿನ ಆಟ, ಸ್ವಚ್ಛಂದದ ಆಟ ಎಂದು ಎರಡು ಪಂಥಗಳಾದುವು. ನಿಯಮವು ಜಡ ಎಂದು ಒಬ್ಬರು, ಮಧ್ಯಸ್ಥನು ಪಕ್ಷಪಾತಿ ಎಂದು ಇನ್ನೊಬ್ಬರು. ನಮ್ಮ ಹುಡುಗನ ದೂರಿನಲ್ಲಿ ನನಗೆ ಕೇಳಿಸಿದುದು ಈ ಜಗಳದ ದನಿಯೇ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯಲಾರೆ. ರೈಸ್ವಿಟ್ಸನ ಮಗನು ಬರ್ಲಿನ್ನಿನಲ್ಲಿ ಭೂಪಟವನ್ನು ಹರಡುತ್ತಿದ್ದ ಕಾಲದಲ್ಲಿ ಮೈಸೂರಿನ ಸಿಂಹಾಸನದ ಮೇಲಿದ್ದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಟಿಪ್ಪುವಿನ ಪತನದ ತರುವಾಯ, 1799ರಲ್ಲಿ, ಐದು ವರ್ಷದ ಮಗುವಾಗಿ ಪಟ್ಟವೇರಿ, 1831ರಲ್ಲಿ ಇಂಗ್ಲಿಷರಿಗೆ ಆಡಳಿತವನ್ನು ಬಿಟ್ಟುಕೊಡಬೇಕಾಗಿ ಬಂದ ಆ ಅರಸರು ಲೋಕದ ಆಟಗಳನ್ನೆಲ್ಲ ಸಂಗ್ರಹಿಸಿದರು, ಹೊಸ ಹಾಸುಗಳನ್ನು ಕಲ್ಪಿಸಿದರು, ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿಯೆಂಬ ಒಂದು ಭಾಗವನ್ನೇ ಅವುಗಳಿಗೆ ಮೀಸಲಿರಿಸಿದರು, ಚದುರಂಗದ ಕುದುರೆ ಒಂದು ಮನೆಯನ್ನೂ ಬಿಡದೆ, ಒಂದನ್ನೂ ಎರಡು ಸಲ ಮೆಟ್ಟದೆ, ಅರುವತ್ತನಾಲ್ಕನ್ನೂ ಸುತ್ತಿಬರುವ ಬಂಧಗಳನ್ನು ರಚಿಸಿದರು. ರಾಜ್ಯವಿದ್ದವರು ಯುದ್ಧದ ಆಟವನ್ನು ಕಟ್ಟಿದರು, ರಾಜ್ಯ ಕೈತಪ್ಪಿದವರು ಎದುರಾಳಿಯೇ ಇಲ್ಲದ ಆಟವನ್ನು ಕಟ್ಟಿದರು ಎಂದು ಹೇಳಿಬಿಡುವ ಚಾಪಲ್ಯ ಲೇಖಕನಿಗೆ ಸಹಜ. ಆದರೆ ಪಟ್ಟದ ಕುದುರೆಗೂ ಪ್ರಷ್ಯದ ಭೂಪಟಕ್ಕೂ ಯಾವ ನಂಟೂ ಇರಲಿಲ್ಲ. ಕಾಲ ಒಂದಾಗಿತ್ತು, ಅಷ್ಟೇ.

ಇಪ್ಪತ್ತನೆಯ ಶತಮಾನದಲ್ಲಿ ಯುದ್ಧದ ಆಟ ಸೇನಾಶಾಲೆಯಿಂದ ಮನೆಯ ಊಟದ ಮೇಜಿಗೆ ಇಳಿಯಿತು. 1954ರಲ್ಲಿ ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ ತನ್ನ ‘ಟ್ಯಾಕ್ಟಿಕ್ಸ್’ ಆಟವನ್ನು ಮಾರಾಟಕ್ಕಿಟ್ಟನು. ಅವನ ‘ಗೆಟಿಸ್‌ಬರ್ಗ್’ 1958ರಲ್ಲಿ ಚೌಕದ ಮನೆಗಳೊಡನೆ ಬಂದು, 1961ರಲ್ಲಿ ಷಟ್ಕೋನಗಳನ್ನು ತೊಟ್ಟು, 1964ರಲ್ಲಿ ಪುನಃ ಚೌಕಗಳಿಗೆ ಮರಳಿತು. ಆರು ವರ್ಷಗಳಲ್ಲಿ ಮೂರು ಅವತಾರ. ನಿಖರತೆಯ ಹುಚ್ಚು ಎಲ್ಲಿಯವರೆಗೆ ಹೋಗಬಲ್ಲುದೆಂಬುದಕ್ಕೆ 1979ರಲ್ಲಿ ಬಂದ ಉತ್ತರ ಆಫ್ರಿಕದ ಕದನದ ಆಟವೇ ಸಾಕ್ಷಿ. ಅದನ್ನು ಪೂರ್ತಿಯಾಗಿ ಆಡಲು 1,500 ಗಂಟೆಗಳು ಬೇಕೆಂದು ಅಂದಾಜು. ಇಟಲಿಯ ಸೈನಿಕರು ತಮ್ಮ ಪಾಸ್ತಾವನ್ನು ಬೇಯಿಸಿಕೊಳ್ಳಲು ಅವರಿಗೆ ಹೆಚ್ಚಿನ ನೀರನ್ನು ಒದಗಿಸಬೇಕೆಂಬ ನಿಯಮವೂ ಅದರಲ್ಲಿದ್ದಿತು. ಕರ್ತೃವು ಆ ನಿಯಮವನ್ನು ತಮಾಷೆಗಾಗಿಯೇ ಸೇರಿಸಿದ್ದನಂತೆ. ಜನರಾದರೋ ಅದನ್ನೇ ನೆನಪಿಟ್ಟುಕೊಂಡರು.

1993ರಲ್ಲಿ ಫಿಲಿಪ್ ತಿಬೋ ಎಂಬ ಫ್ರೆಂಚನು 1492ರಿಂದ 1792ರವರೆಗಿನ ಮುನ್ನೂರು ವರ್ಷಗಳ ಯುರೋಪನ್ನೂ ಅದು ಕೈಚಾಚಿದ ಲೋಕವನ್ನೂ ಒಂದು ಹಾಸಿನ ಆಟವಾಗಿ ಕಟ್ಟಿ ‘ಯುರೋಪಾ ಯೂನಿವರ್ಸಾಲಿಸ್’ ಎಂದು ಹೆಸರಿಟ್ಟನು. ನೂರಾರು ಬಿಲ್ಲೆಗಳು, ದಪ್ಪ ನಿಯಮಪುಸ್ತಕ, ವಾರಗಟ್ಟಲೆ ಖಾಲಿ ಇರಬೇಕಾದ ಮೇಜು. 2000ದಲ್ಲಿ ಸ್ವೀಡನ್ನಿನವರು ಅದನ್ನು ಗಣಕಯಂತ್ರಕ್ಕೆ ತಂದಾಗ ನಡೆದುದು, ನನ್ನ ದೃಷ್ಟಿಯಲ್ಲಿ, ಒಂದು ಶತಮಾನದ ಹಳೆಯ ವ್ಯಾಜ್ಯದ ತೀರ್ಮಾನ. ಪಟ್ಟಿ ತಿರುವುವ ಜಡಕಾರ್ಯವನ್ನೆಲ್ಲ ಯಂತ್ರ ತಲೆಯ ಮೇಲೆ ಹೊತ್ತಿತು; ಬೇಸರವನ್ನರಿಯದ, ಲಂಚ ತಿನ್ನದ, ದಾಳವನ್ನು ಕ್ಷಣಕ್ಕೆ ಸಾವಿರ ಸಲ ಎಸೆಯಬಲ್ಲ ಮಧ್ಯಸ್ಥನು ದೊರೆತನು. ದಿನಗಳು ತಾವಾಗಿಯೇ ಉರುಳುತ್ತವೆ; ಬೇಕಾದಾಗ ಆಟಗಾರನು ಕಾಲವನ್ನೇ ತಡೆದು ನಿಲ್ಲಿಸಿ, ಯೋಚಿಸಿ, ಮತ್ತೆ ಹರಿಯಬಿಡಬಹುದು. ಇನ್ನು ದೂರಿಗೆ ಎಡೆಯೆಲ್ಲಿ?

ಎಡೆ ಇದ್ದೇ ಇತ್ತು. ಮರುವರ್ಷ ಬಂದ ಎರಡನೆಯ ಆವೃತ್ತಿ 1419ರಿಂದ ಸುಮಾರು ನಾನೂರು ವರ್ಷಗಳ ಕಥೆ. ಅದರಲ್ಲಿ ಯಾವ ದೇಶಕ್ಕೆ ಯಾವ ವರ್ಷ ಯಾರು ದೊರೆಯೆಂಬುದು ಚರಿತ್ರೆಯ ಪುಸ್ತಕದಲ್ಲಿರುವಂತೆಯೇ ನಿಗದಿಯಾಗಿತ್ತು. ಘಟನೆಗಳೂ ತಮ್ಮ ತಮ್ಮ ತಾರೀಖಿಗೆ ಬಂದು ಬಾಗಿಲು ತಟ್ಟುತ್ತಿದ್ದುವು. ರಾಜ್ಯವು ಎಷ್ಟೇ ಸುಖವಾಗಿರಲಿ, ದಂಗೆಯ ತಾರೀಖು ಬಂದರೆ ದಂಗೆ ಏಳಲೇಬೇಕು. ಇದು ವಿಧಿಲಿಖಿತವೇ ಹೊರತು ಚರಿತ್ರೆಯಲ್ಲವೆಂದು ಹಲವರು ಆಕ್ಷೇಪಿಸಿದರು. 2007ರ ಮೂರನೆಯ ಆವೃತ್ತಿಯಲ್ಲಿ ವಿಧಿಯ ಕಟ್ಟು ಬಿಚ್ಚಿತು: ಆಟ ಮೊದಲಾದ ಮೇಲೆ ಹುಟ್ಟುವ ದೊರೆಗಳು ಯಾರೋ, ಅವರ ಗುಣಾವಗುಣ ಏನೋ, ಎಲ್ಲವೂ ದೈವಾಧೀನ, ಘಟನೆಗಳು ಸಂದರ್ಭ ಕೂಡಿಬಂದರೆ ಮಾತ್ರ. ಆಗ ಇನ್ನೊಂದು ಪಕ್ಷ ಎದ್ದು, ಲೂಥರನಿಲ್ಲದ, ಲೂಯಿಯಿಲ್ಲದ ಈ ಕಾಲಕ್ಕೆ ಚರಿತ್ರೆಯ ಹೆಸರೇಕೆಂದು ಕೇಳಿತು. ಅವರು ಕೇಳಿ ಸುಮ್ಮನಾಗಲಿಲ್ಲ. ಎರಡನೆಯ ಆವೃತ್ತಿಯ ಯಂತ್ರಸೂತ್ರವನ್ನೇ ಅನುಮತಿಯೊಡನೆ ಪಡೆದು, ತಾವೇ ವರ್ಷಗಟ್ಟಲೆ ಕೂಡಿಟ್ಟಿದ್ದ ಘಟನಾವಳಿಯನ್ನು ಅದಕ್ಕೆ ತುಂಬಿ, 2009ರಲ್ಲಿ ‘ಫಾರ್ ದ ಗ್ಲೋರಿ’ ಎಂಬ ಆಟವನ್ನು ಹೊರತಂದರು. ಕವಿಯ ಉತ್ತರಭಾಗ ರುಚಿಸಲಿಲ್ಲವೆಂದು ವಾಚಕರು ತಾವೇ ಬೇರೊಂದು ಉತ್ತರಭಾಗವನ್ನು ಬರೆದಂತೆ! ವೆರ್ಡಿಯ ಕಾಲದ ಎರಡು ಪಂಥಗಳು, ಸಮವಸ್ತ್ರವನ್ನು ಕಳಚಿಟ್ಟು, ಇಲ್ಲಿ ಮತ್ತೆ ಎದುರುಬದುರಾದುವು. ಅಲ್ಲಿ ಮಧ್ಯಸ್ಥನ ಸ್ವಾತಂತ್ರ್ಯದ ಪ್ರಶ್ನೆ, ಇಲ್ಲಿ ಕಾಲದ ಸ್ವಾತಂತ್ರ್ಯದ ಪ್ರಶ್ನೆ.

2013ರ ನಾಲ್ಕನೆಯ ಆವೃತ್ತಿಯೊಡನೆ ಆಟಗಾರರ ಬೇಡಿಕೆ ಹೆಚ್ಚು ಸೂಕ್ಷ್ಮವಾಯಿತೆಂದು ನನ್ನ ಎಣಿಕೆ. ಅದರಲ್ಲಿ ದೊರೆಯ ಯೋಗ್ಯತೆಗೆ ತಕ್ಕಂತೆ ಆಡಳಿತ, ರಾಯಭಾರ, ಸೈನ್ಯ ಎಂಬ ಮೂರು ಬಗೆಯ ಅಂಕಗಳು ತಿಂಗಳು ತಿಂಗಳೂ ಜಮೆಯಾಗುತ್ತವೆ. ಖರ್ಚುಮಾಡಿದರೆ ಕೆಲಸ ತತ್‌ಕ್ಷಣ ಆಗುತ್ತದೆ. ಆಟಗಾರರು ಇದನ್ನು ಮಾಂತ್ರಿಕರ ಶಕ್ತಿಗಿರುವ ‘ಮಾನಾ’ ಎಂಬ ಹೆಸರಿನಿಂದ ಹೀಯಾಳಿಸಿದರು. ಹೀಯಾಳಿಕೆ ಅನ್ಯಾಯವಾದುದಲ್ಲ. ಊರಿನ ಏಳಿಗೆಗೆ ಒಕ್ಕಲೂ ಬೇಡ, ಮಳೆಯೂ ಬೇಡ, ಅಂಕಗಳಿದ್ದರೆ ಸಾಕು ಎಂಬಲ್ಲಿ ರಾಜ್ಯವಾಳುವುದು ಅಂಗಡಿಯ ಲೆಕ್ಕವಾಗಿಬಿಡುತ್ತದೆ. 2019ರಲ್ಲಿ ಅದೇ ಸಂಸ್ಥೆ ಪ್ರಾಚೀನ ರೋಮಿನ ಆಟವನ್ನು ಇದೇ ಅಂಕಗಳ ಮೇಲೆ ನಿಲ್ಲಿಸಿ ಹೊರತಂದಾಗ ದೂರಿನ ಸುರಿಮಳೆಯಾಯಿತು. ಕೆಲವೇ ತಿಂಗಳಲ್ಲಿ ಅಂಕಗಳನ್ನು ಕಿತ್ತುಹಾಕಿ ಆಟವನ್ನು ಹೊಸದಾಗಿ ಹೊಲಿದರೂ, 2021ರಲ್ಲಿ ಅದರ ಮೇಲಣ ಕೆಲಸವನ್ನೇ ನಿಲ್ಲಿಸಬೇಕಾಯಿತು.

ಕನ್ನಡಿಗನಿಗೆ ಹತ್ತಿರದ ದೂರು ಇನ್ನೊಂದು. ಮೊದಮೊದಲು ನಾಲ್ಕನೆಯ ಆವೃತ್ತಿಯಲ್ಲಿ ರಾಷ್ಟ್ರಗಳನ್ನು ಪಾಶ್ಚಾತ್ಯ, ಭಾರತೀಯ, ಚೀನೀ ಮೊದಲಾದ ಪಂಗಡಗಳಾಗಿ ವಿಂಗಡಿಸಿ, ಪಾಶ್ಚಾತ್ಯರಲ್ಲದವರು ವಿದ್ಯೆಯನ್ನು ಪಡೆಯಲು ಹೆಚ್ಚು ಬೆಲೆ ತೆರಬೇಕೆಂದು ಕಟ್ಟುಮಾಡಿದ್ದರು. ಬಿಡುಗಡೆ ಬೇಕಾದರೆ ‘ಪಾಶ್ಚಾತ್ಯೀಕರಣ’ ಮಾಡಿಕೊಳ್ಳಬೇಕು. 1444ರಲ್ಲಿಯೇ, ವಾಸ್ಕೋಡಗಾಮನು ಹುಟ್ಟುವ ಮೊದಲೇ, ಹಂಪೆಯ ಹಣೆಯ ಮೇಲೆ ಹಿಂದುಳಿದವರೆಂಬ ಮುದ್ರೆ! ಫಲವನ್ನು ಕಾರಣವೆಂದು ಹಿಡಿಯುವ ಈ ತರ್ಕದೋಷವನ್ನು ಆಟಗಾರರು ಎಡೆಬಿಡದೆ ಎತ್ತಿ ಆಡಿದರು. 2016ರಲ್ಲಿ ಪಂಗಡಗಳ ಆ ಏರ್ಪಾಡನ್ನು ತೆಗೆದು, ನವೋದಯ, ಮುದ್ರಣಯಂತ್ರ ಮುಂತಾದ ಸಂಸ್ಥೆಗಳು ಒಂದೆಡೆ ಹುಟ್ಟಿ ಊರಿಂದೂರಿಗೆ ಹಬ್ಬುವ ಕ್ರಮವನ್ನು ಇಟ್ಟರು. ಹೆಚ್ಚಿನವು ಹುಟ್ಟುವುದು ಯುರೋಪಿನಲ್ಲೇ ಎಂಬ ಕೊರಗು ಉಳಿಯಿತಾದರೂ, ಹಣೆಬರಹ ಹೋಗಿ ದೂರ ಉಳಿದುದು ಸಣ್ಣ ಸುಧಾರಣೆಯಲ್ಲ.

ಇದೇ ಮನೆತನದ ‘ವಿಕ್ಟೋರಿಯಾ’ ಆಟದ ಕಥೆಯಲ್ಲಿ ಹಂಬಲದ ಇನ್ನೊಂದು ಮುಖವಿದೆ. 2010ರ ಎರಡನೆಯ ಆವೃತ್ತಿಯ ತರುವಾಯ ಮೂರನೆಯದು ಯಾವಾಗ ಎಂಬುದೇ ಆಟಗಾರರಲ್ಲೊಂದು ನಗೆಮಾತಾಗಿ, ಬಾರದ ವಸ್ತುವಿಗೆ ಉಪಮಾನವಾಗಿ, ಹನ್ನೆರಡು ವರ್ಷ ನಡೆಯಿತು. 2022ರಲ್ಲಿ ಅದು ನಿಜವಾಗಿ ಬಂದಾಗ ಕೂಲಿಕಾರ, ರೈತ, ಬಂಡವಾಳಗಾರರ ಬಾಳು ಹಿಂದೆಂದಿಗಿಂತ ವಿವರವಾಗಿ ಅದರಲ್ಲಿ ಮೂಡಿತ್ತು. ಆದರೆ ದಂಡನ್ನು ಕೈಯಿಂದ ನಡೆಸುವ ಅಧಿಕಾರವನ್ನು ಕಿತ್ತು, ಗಡಿರೇಖೆಯೊಂದಕ್ಕೆ ಸೇನಾನಿಯನ್ನು ನೇಮಿಸಿ ಸುಮ್ಮನಿರಬೇಕೆಂದು ಮಾಡಿದ್ದರು. ಹತ್ತೊಂಬತ್ತನೆಯ ಶತಮಾನದ ಅರಸ ಅರಮನೆಯಲ್ಲಿ ಕುಳಿತು ಮಾಡಬಹುದಾಗಿದ್ದುದೂ ಅಷ್ಟೇ ಅಲ್ಲವೇ? ಸತ್ಯಕ್ಕೆ ಅದು ಹತ್ತಿರ. ಆಟಗಾರರು ಮಾತ್ರ ಮುನಿದರು. ಸತ್ಯ ಬೇಕು, ಸತ್ಯ ಬೇಕು ಎಂದು ಕೂಗುವವರಿಗೆ ಕೈಗೆ ಕೆಲಸವೂ ಬೇಕು. ಇದನ್ನು ಚಂಚಲತೆಯೆಂದು ಜರೆಯಲು ನನಗೆ ಮನಸ್ಸು ಬಾರದು. ಆಟಗಾರನ ಬಯಕೆ ಇದು: ರಾಜ್ಯವು ತನ್ನ ಮಾತನ್ನು ಕೇಳಬಾರದು, ಎದುರುನಿಲ್ಲಬೇಕು, ಪಾಳೆಯಗಾರ ತಿರುಗಿಬೀಳಬೇಕು, ಬೊಕ್ಕಸ ಬರಿದಾಗಬೇಕು. ಆದರೆ ಎದುರುನಿಂತುದನ್ನು ಒಲಿಸಿಕೊಳ್ಳುವ ಹಿಡಿಯೊಂದು ಕೈಗೆ ಸಿಕ್ಕಬೇಕು. ಎದುರು ನಿಲ್ಲದ ಆಟ ಅಂಕದ ಅಂಗಡಿ. ಹಿಡಿಯಿಲ್ಲದ ಆಟ ಬರಿಯ ನಾಟಕ. ಇನ್ನೂರೈವತ್ತು ವರ್ಷಗಳಿಂದ ಉತ್ತರಭಾಗವನ್ನು ಕೇಳುತ್ತಿರುವವರೆಲ್ಲ ಈ ಎರಡರ ನಡುವಣ ಒಂದು ಸಣ್ಣ ಜಾಗವನ್ನು ಹುಡುಕುತ್ತಿರುವರೆಂದು ನನಗೆ ತೋರುತ್ತದೆ.

ಐದನೆಯ ‘ಯುರೋಪಾ’ 2025ರ ನವೆಂಬರಿನಲ್ಲಿ ಬಂದಿತು. ಅದನ್ನು ಕಟ್ಟಿದ ಸ್ಪೇನಿನ ಶಾಖೆಯವರು 2024ರಿಂದಲೇ ಒಂದೊಂದು ಪ್ರದೇಶದ ನಕ್ಷೆಯನ್ನು ಮುಂದಾಗಿ ತೋರಿಸಿ, ಊರು, ಭಾಷೆ, ಮತ, ಬೆಳೆಗಳಲ್ಲಿ ತಪ್ಪಿದ್ದರೆ ತಿದ್ದಿರೆಂದು ಆಟಗಾರರನ್ನೇ ಕೇಳಿಕೊಂಡರು. ಅಂಕಗಳ ಮಾನಾ ಹೋಗಿ ಆ ಸ್ಥಾನಕ್ಕೆ ಜನಸಂಖ್ಯೆ ಬಂತು. ಆರಂಭದ ತಾರೀಖು 1444ರಿಂದ ಹಿಂದೆ ಸರಿದು 1337ನೆಯ ಏಪ್ರಿಲ್ 1ಕ್ಕೆ ಹೋಯಿತು. ಯುರೋಪಿನವರಿಗೆ ಅದು ನೂರು ವರ್ಷಗಳ ಯುದ್ಧದ ಹೊಸ್ತಿಲು, ಕರಾಳ ಪ್ಲೇಗಿನ ಹಿಂದಿನ ದಶಕ. ನಮಗೆ ಅದು ಏನು? ಹರಿಹರ ಬುಕ್ಕರು ರಾಜ್ಯಕ್ಕೆ ತಳಹದಿ ಹಾಕಿದರೆಂದು ಸಂಪ್ರದಾಯ ಹೇಳುವ 1336ರ ಮರುವರ್ಷ. ಮಧುರೆಯಲ್ಲಿ ಸುಲ್ತಾನನು ಎರಡು ವರ್ಷದ ಹಿಂದೆ ಸ್ವತಂತ್ರನಾಗಿದ್ದಾನೆ. ಬಹಮನಿ ರಾಜ್ಯ ಹುಟ್ಟಲು ಇನ್ನೂ ಹತ್ತು ವರ್ಷವಿದೆ. ಹೊಯ್ಸಳ ಮೂರನೆಯ ಬಲ್ಲಾಳನು ಮುಪ್ಪಿನಲ್ಲಿಯೂ ಕುದುರೆಯಿಂದಿಳಿಯದೆ ಹೋರಾಡುತ್ತಿದ್ದಾನೆ. ಹೀಗೆ ಏನೊಂದೂ ನಿಶ್ಚಯವಾಗದ ಕ್ಷಣವನ್ನು ಆಟದ ಬಾಗಿಲಾಗಿ ಇಟ್ಟುದು ಒಳ್ಳೆಯ ಕೆಲಸ.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನೂ ಒಂದು ಪಟ್ಟಿಯನ್ನು ಕೊಡುತ್ತಿದ್ದೆ. ಕೃಷ್ಣದೇವರಾಯನು ಕೆರೆಯೊಂದನ್ನು ಕಟ್ಟಿಸುತ್ತಿದ್ದಾಗ ಹದಿನೈದು ಇಪ್ಪತ್ತು ಸಾವಿರ ಜನರು ಇರುವೆಗಳಂತೆ ದುಡಿಯುತ್ತಿದ್ದುದನ್ನೂ, ಏರಿ ಮತ್ತೆ ಮತ್ತೆ ಒಡೆದುದನ್ನೂ ಪಾಯೆಸ್ ಎಂಬ ಪೋರ್ಚುಗೀಸನು ಬರೆದಿದ್ದಾನೆ. ಒಡೆಯುವ ಕೆರೆ ಯಾವ ಆಟದಲ್ಲಿದೆ? ವರ್ಷಕ್ಕೆ 13,000 ಕುದುರೆಗಳನ್ನು ವಿಜಯನಗರದ ರಾಯನು ಹೊರಗಿನಿಂದ ಕೊಳ್ಳುತ್ತಿದ್ದನೆಂದು ನೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸನ ಲೆಕ್ಕ. ಭಟಕಳ, ಗೋವೆಗಳ ರೇವಿಗೆ ಹಡಗು ಬಾರದಿದ್ದರೆ ತುಂಗಭದ್ರೆಯ ದಡದ ಸೇನೆ ಕುಂಟಬೇಕು. ಭೂಮಿಯನ್ನು ಉಂಬಳಿಯಾಗಿ ಪಡೆದು ಅದಕ್ಕೆ ಪ್ರತಿಯಾಗಿ ಇಂತಿಷ್ಟು ಆಳು ಕುದುರೆಗಳನ್ನು ಸಾಕಬೇಕಾದ ಅಮರನಾಯಕನು, ಸಾಕುವ ಖರ್ಚನ್ನು ನುಂಗಿ, ಎಣಿಕೆಯ ದಿನ ಬಾಡಿಗೆಯ ಕುದುರೆಗಳನ್ನು ತಂದು ನಿಲ್ಲಿಸಬಲ್ಲವನಾಗಿರಬೇಕು.

ಹೊಸ ಆಟ ಬಂದ ವಾರದಲ್ಲೇ ನಮ್ಮ ಹುಡುಗನು ನನ್ನ ಬಳಿಗೆ ಬಂದನು. ಬಲ್ಲಾಳನ ರಾಜಧಾನಿ 1337ರಲ್ಲಿ ಯಾವುದೆಂದು ಇಡಬೇಕು, ದೋರಸಮುದ್ರವೋ ಬೇರೆಯೋ ಎಂದು ಅವನಿಗೂ ಅವನ ಗೆಳೆಯನಿಗೂ ಪಂತವಾಗಿತ್ತಂತೆ. ಆ ಅರಸನು ಕಡೆಗಾಲದಲ್ಲಿ ತಿರುವಣ್ಣಾಮಲೆಯಲ್ಲಿ, ಶಾಸನಗಳಲ್ಲಿ ಉಣ್ಣಾಮಲೆಯೆಂದು ಕರೆದಿರುವ ಊರಿನಲ್ಲಿ, ನಿಂತು ಆಳುತ್ತಿದ್ದನೆಂದು ನಾನು ಹೇಳಿದೆ. “ಯಾವ ವರ್ಷದಿಂದ, ತಾತ?” ಎಂದನು. ನಾನು ಎದ್ದು ಕಪಾಟಿನಿಂದ ರೈಸ್ ಸಾಹೇಬರ ‘ಎಪಿಗ್ರಾಫಿಯ ಕರ್ನಾಟಿಕ’ದ ಹಾಸನದ ಸಂಪುಟವನ್ನು ಇಳಿಸಿ ಧೂಳು ಝಾಡಿಸಿದೆ, ಅವನು ಶಕವರ್ಷಗಳನ್ನು ಒಂದೊಂದಾಗಿ ಕಾಗದದ ಮೇಲೆ ಬರೆದುಕೊಳ್ಳತೊಡಗಿದನು. ಒಳಕೋಣೆಯಲ್ಲಿ ಪರದೆ ಬೆಳಗುತ್ತಲೇ ಇತ್ತು, ಕಾಲವನ್ನು ತಡೆದು ನಿಲ್ಲಿಸಿ ಬಂದಿದ್ದನು. ನಡುರಾತ್ರಿ ನಾನು ಮಲಗಲು ಹೋಗುವಾಗ ನೋಡಿದೆ, ಇನ್ನೂ 1337ನೆಯ ಏಪ್ರಿಲ್ ಒಂದೇ ಆಗಿತ್ತು.